ಕಲೆ ಪೂರ್ತಿ ಹೋಯ್ತು

ಇಸ್ತ್ರಿ ದೊಡ್ಡಮ್ಮನ ಬಾಯಿಗೆ ಬೀಗ ಹಾಕುವವರು ಆ ಓಣಿಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಗಂಡ ಸತ್ತ ಮೇಲೆ ಮನೆಯ ಮುಂಬಾಗಿಲಲ್ಲೇ ಮೇಜು ಹಾಕಿ, ಓಣಿಯವರ ಬಟ್ಟೆಗೆಲ್ಲ ಇಸ್ತ್ರಿ ಮಾಡಿ ಮಗನನ್ನು ಸಾಕಿದವಳು. ಮಗ ಹೊಸ ಫೋನು ಕೊಡಿಸಿದ ವಾರವೇ ಓಣಿಗೊಂದು ಗ್ರೂಪ್ ಮಾಡಿ ತಾನೇ ಅಡ್ಮಿನ್ ಆದಳು. ನೀರು ಯಾವಾಗ ಬರುತ್ತದೆ, ಯಾವ ಡಾಕ್ಟರ ಕೈಗುಣ ಚೆನ್ನ, ಶರಟಿಗೆ ಬಿದ್ದ ಶಾಯಿ ಹೇಗೆ ತೆಗೆಯುವುದು, ಎಲ್ಲದಕ್ಕೂ ಅಲ್ಲಿ ಉತ್ತರ ಸಿಗುತ್ತಿತ್ತು. ಆಕೆ ಬರೆದದ್ದನ್ನು ಜನ ಕಣ್ಣು ಮುಚ್ಚಿ ನಂಬುತ್ತಿದ್ದರು.

ಇಷ್ಟು ಮರ್ಯಾದೆ ಸಿಕ್ಕ ಮೇಲೆ ತಲೆಗೇರದೆ ಇರುತ್ತದೆಯೇ? ಬೆಳಗಾಗೆದ್ದು ಹೂವಿನ ಚಿತ್ರ ಕಳಿಸಿದವರು ಔಟ್. ಎದುರು ಮಾತಾಡಿದವರು ಔಟ್. ಪಕ್ಕದ ಮನೆಯ ಹೊಲಿಗೆಯಕ್ಕ ಆಕೆಯ ಪ್ರಾಣಸ್ನೇಹಿತೆ. ಅವಳ ಮಗಳನ್ನೂ ಬಿಡಲಿಲ್ಲ. "ಅಯ್ಯೋ ಬಿಡೇ, ಏನೋ ಗೊತ್ತಾಗದೆ ಕಳಿಸಿದಾಳೆ" ಎಂದು ಹೊಲಿಗೆಯಕ್ಕ ಅಂಗಲಾಚಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಜನ ಎಷ್ಟೂಂತ ಸಹಿಸುತ್ತಾರೆ? ಹೊಸದೊಂದು ಆ್ಯಪ್ ಬಂದದ್ದೇ ತಡ, ಓಣಿಗೆ ಓಣಿಯೇ ಅಲ್ಲೊಂದು ಹೊಸ ಗ್ರೂಪ್ ಕಟ್ಟಿಕೊಂಡು ಗುಳೆ ಹೋಯಿತು. ದೊಡ್ಡಮ್ಮನಿಗೆ ಮಾತ್ರ ಯಾರೂ ಹೇಳಲಿಲ್ಲ. ಹೇಳಿದರೆ ಅಲ್ಲಿಗೂ ಬಂದು ಬೆತ್ತ ಹಿಡಿಯುತ್ತಾಳಲ್ಲ! ಹಳೆಯ ಗ್ರೂಪ್ ಸುಮ್ಮನಾದರೆ ಮುದುಕಿಗೆ ಅನುಮಾನ ಬರುತ್ತದೆಂದು ಒಂದು ಉಪಾಯ ಹೂಡಿದರು: ದಿನಕ್ಕೊಬ್ಬರು ಸರದಿಯಂತೆ ಹಳೆಯದಕ್ಕೆ ಹೋಗಿ ಒಂದು ಪ್ರಶ್ನೆ ಕೇಳುವುದು, ಉತ್ತರ ಬಂದರೆ ಕೈಮುಗಿಯುವುದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಉಪಾಯ ಹೇಳಿಕೊಟ್ಟವಳು ಆಕೆಯ ಸೊಸೆಯೇ. ದಿನಾ ಆಕೆಯ ಕೈಯಡಿಗೆ ಉಣ್ಣುವವಳು!

ಹೊಲಿಗೆಯಕ್ಕನಿಗೆ ಗಂಟಲಲ್ಲಿ ಗೆಡ್ಡೆಯಾಯಿತು. ಮಗಳು ಬಂದು ತನ್ನೂರಿನ ಆಸ್ಪತ್ರೆಗೆ ಕರೆದೊಯ್ದಳು. ಆಪರೇಷನ್ ಆಗಿ ದನಿ ಹೋಯಿತು. ಅವಳ ಹಳೇ ಫೋನು ಬೀಗ ಹಾಕಿದ ಮನೆಯೊಳಗೇ ಉಳಿದಿದ್ದರಿಂದ ದೊಡ್ಡಮ್ಮನ ಮೆಸೇಜುಗಳಿಗೆಲ್ಲ ಒಂದೇ ಟಿಕ್. ಮಗಳಿಗೆ ಫೋನ್ ಮಾಡಬಹುದಿತ್ತು. ಆದರೆ ತಾನೇ ಹೊರಹಾಕಿದ ಹುಡುಗಿಯ ಮುಂದೆ ತಾನೇ ತಗ್ಗುವುದೇ? ಮಾಡಲಿಲ್ಲ. ಗ್ರೂಪಿನಲ್ಲಿ ಕೇಳಿದಳು: "ನಮ್ಮ ಹೊಲಿಗೆಯಕ್ಕ ಹೇಗಿದಾಳೆ? ನಾನೇ ಹೋಗಿ ನೋಡ್ಕೊಂಡು ಬರ್ಲಾ?"

ಅವತ್ತು ಸರದಿ ಸೊಸೆಯದು. "ಆರಾಮಾಗಿದಾರೆ ಅತ್ತೆ. ಸದ್ಯದಲ್ಲೇ ಮನೆಗೆ ಬರ್ತಾರಂತೆ" ಎಂದು ಆಫೀಸಿನಿಂದಲೇ ಬರೆದಳು. ನಿಜ ಹೇಳಿದರೆ ‘ನಿಂಗ್ಯಾರು ಹೇಳಿದ್ರು’ ಎಂಬ ಪ್ರಶ್ನೆ ಬರುತ್ತದೆ, ಹೊಸ ಗ್ರೂಪಿನ ಗುಟ್ಟು ರಟ್ಟಾಗುತ್ತದೆ. ದೊಡ್ಡಮ್ಮನಿಗೆ ಮಾತ್ರ ಹೋದ ಜೀವ ಬಂದಂತಾಯಿತು. ಗೆಳತಿ ಬಂದರೆ ಹಾಸಿಕೊಳ್ಳಲಿ ಎಂದು ತನ್ನ ಒಳ್ಳೆಯ ಹಾಸಿಗೆಬಟ್ಟೆ ತೆಗೆದು ಇಸ್ತ್ರಿ ಮಾಡಿಟ್ಟಳು.

ಹದಿನೈದು ದಿನ ಕಳೆದು ಮಗಳೊಬ್ಬಳೇ ಬಂದು ಪಕ್ಕದ ಮನೆಯ ಬೀಗ ತೆಗೆದಳು.

"ಅಮ್ಮ ಎಲ್ಲೇ?" ಎಂದಳು ದೊಡ್ಡಮ್ಮ, ಸಿಟ್ಟನ್ನೆಲ್ಲ ಮರೆತು.

ಹುಡುಗಿ ಅವಳನ್ನೇ ದಿಟ್ಟಿಸಿದಳು. "ಅಮ್ಮ ಹೋಗಿ ವಾರ ಆಯ್ತು. ಗ್ರೂಪಲ್ಲಿ ಹಾಕಿದ್ನಲ್ಲ. ಅದಕ್ಕೂ ಮುಂಚೆ ಅಮ್ಮನೇ ನನ್ನ ಫೋನಿಂದ ಬರೆದಿದ್ಲು. ಓಣಿಯವರೆಲ್ಲ ನೋಡಿದ್ರು, ನೀವೊಬ್ರೇ ಉತ್ತರ ಕೊಡ್ಲಿಲ್ಲ. ನನ್ ಮೇಲಿನ ಸಿಟ್ಟು ಅವಳ ಮೇಲೆ ತೀರಿಸ್ಕೊಂಡ್ರಲ್ಲ ದೊಡ್ಡಮ್ಮ! ಕೊನೇವರೆಗೂ ಬಾಗಿಲು ನೋಡ್ತಾನೇ ಇದ್ಲು."

"ಯಾವ ಗ್ರೂಪೇ?"

ಹುಡುಗಿ ಫೋನು ತೋರಿಸಿದಳು. "ಇಸ್ತ್ರಿಯವಳೇ, ಒಂದ್ಸಲ ಬಂದು ಹೋಗೇ" ಎಂದಿತ್ತು. ಕೆಳಗೆ ಓಣಿಯವರ ಅಳುವ ಮುಖಗಳು ಸಾಲಾಗಿ ನಿಂತಿದ್ದವು. ಮೊದಲನೆಯದು ಸೊಸೆಯದು. ತಾರೀಖು ನೋಡಿದಳು. ‘ಆರಾಮಾಗಿದಾರೆ’ ಎಂದು ಬರೆದ ದಿನದ್ದೇ.

ದೊಡ್ಡಮ್ಮ ಬಂದು ಮೇಜಿನ ಮುಂದೆ ಕೂತಳು. ಮಧ್ಯಾಹ್ನ ಹಳೇ ಗ್ರೂಪ್ ಟಿಣ್ ಎಂದಿತು. ಮತ್ತೆ ಸೊಸೆ. "ಅತ್ತೆ, ನನ್ನ ಹಸಿರು ರೇಷ್ಮೆ ಅಂಗಿಗೆ ಎಣ್ಣೆ ಕಲೆ ಆಗಿದೆ. ಏನ್ ಮಾಡ್ಲಿ?"

ಆ ಅಂಗಿ ಒಳಗಿನ ಬೀರುವಿನಲ್ಲಿತ್ತು. ಕಲೆಯಿಲ್ಲ, ಏನಿಲ್ಲ. ದೊಡ್ಡಮ್ಮ ಬರೆದಳು: "ಕುದಿಯೋ ನೀರಿಗೆ ಕೈತುಂಬ ಬ್ಲೀಚಿಂಗ್ ಪುಡಿ ಹಾಕಿ, ಅದರಲ್ಲಿ ನೆನೆಸಿಡು." ರೇಷ್ಮೆಗೆ ಬ್ಲೀಚಿಂಗ್ ಹಾಕಿದರೆ ಬಟ್ಟೆ ಇರುತ್ತದೆಯೇ? ಓದಿದ್ದರೆ ಯಾರಾದರೂ ಹೌಹಾರಬೇಕಿತ್ತು. ಓದಿದರೆ ತಾನೇ! ಸ್ವಲ್ಪ ಹೊತ್ತಿಗೇ ಜೋಡಿಸಿದ ಕೈಗಳು ಬಂದವು. "ಕಲೆ ಪೂರ್ತಿ ಹೋಯ್ತು ಅತ್ತೆ! ನಿಮ್ಮಂಥೋರು ಇರೋದು ನಮ್ಮ ಪುಣ್ಯ." ಹಿಂದೆಯೇ ಮೇಲ್ಮನೆಯವನು, "ನಾವೂ ಹಾಗೇ ಮಾಡಿದ್ವಿ, ಸೂಪರ್" ಎಂದ.

ದೊಡ್ಡಮ್ಮ ಎದ್ದು ನೀರು ಕಾಯಿಸಿದಳು.

ಸಂಜೆ ಸೊಸೆ ಬಚ್ಚಲಿಗೆ ಹೋದವಳು ಕಿಟಾರನೆ ಕಿರುಚಿಕೊಂಡಳು. "ಅಯ್ಯೋ! ಏನಿದು ಅತ್ತೆ, ನನ್ನ ಅಂಗಿ!"

"ಹೋಯ್ತು ಅಂದ್ಯಲ್ಲಮ್ಮ. ನೋಡೋಣ ಅಂತ."

"ನಿಮಗೆ ತಲೆ ಕೆಟ್ಟಿದೆಯಾ? ಇದು ಹೊಲಿಗೆಯಕ್ಕ ಹೊಲಿದು ಕೊಟ್ಟಿದ್ದು! ಅವರ ಕೈಕೆಲಸ ಅಂತ ನಮ್ಮನೇಲಿ ಉಳಿದಿದ್ದು ಇದೊಂದೇ!"

ಹೌದಲ್ಲ. ಹೊಲಿದವಳು ಅದನ್ನು ತಂದು ಇದೇ ಮೇಜಿನ ಮೇಲೆ ಹರಡಿ, "ಹುಷಾರಾಗಿ ತಿಕ್ಕೇ, ರೇಷ್ಮೆ" ಎಂದಿದ್ದಳು. ಸಿಟ್ಟಿನಲ್ಲಿ ಅದು ನೆನಪಿಗೇ ಬಂದಿರಲಿಲ್ಲ. ದೊಡ್ಡಮ್ಮ ಬಕೆಟ್ಟಿಗೆ ಕೈ ಹಾಕಿದಳು. ರೇಷ್ಮೆ ಕರಗಿ ಲೋಳೆಯಾಗಿ ಜಾರಿಹೋಯಿತು. ಬೆರಳಿಗೆ ಸಿಕ್ಕಿದ್ದು ಹೊಲಿಗೆಯ ದಾರ ಮಾತ್ರ. ಅದನ್ನು ಹಿಂಡಿ, ಕೊಡವಿ, ಹೊರಗೆ ತಂತಿಯ ಮೇಲೆ ಒಣಗಲು ಹಾಕಿದಳು.