ಕ್ರೇಗ್‌ಬರ್ನಿನಲ್ಲಿ ಟ್ರಾಮು ಎಲ್ಲಿ ನಿಲ್ಲಬೇಕು

ಕ್ರೇಗ್‌ಬರ್ನ್ ಬಡಾವಣೆಗೆ ಪುನರುಜ್ಜೀವನ ಬರಲಿದೆ ಎಂದು ದೊಡ್ಡ ಬೋರ್ಡು ನೆಟ್ಟ ದಿನ ಸೆಂಗಾ ಮಕ್‌ಫೀ ಅದರ ಮುಂದೆ ನಿಂತು, "ನಾವು ಸತ್ತಿದ್ದು ಯಾವಾಗ? ಒಂದು ಮಾತು ಹೇಳ್ಬಾರ್ದಿತ್ತಾ," ಎಂದಿದ್ದಳು. ಆಮೇಲೆ ಬಂದದ್ದು ಜೀವವಲ್ಲ, ಜೆಸಿಬಿ. ಟ್ರಾಮಿಗೆಂದು ರಸ್ತೆ ಅಗೆದರು, ಮುಚ್ಚಿದರು, ಒಳಗೆ ಏನನ್ನೋ ಮರೆತು ಬಂದವರಂತೆ ಮತ್ತೆ ಅಗೆದರು. ಸ್ಕಾಟ್ಲೆಂಡಿನ ಮಳೆ ಆ ಗುಂಡಿಗಳನ್ನು ಪುಕ್ಕಟೆಯಾಗಿ ತುಂಬಿಕೊಟ್ಟಿತು. ಹಳಿ ಬರುವ ಮೊದಲೇ ಜನ ಹಳಿದು ಹಳಿದು ಸುಸ್ತಾಗಿದ್ದರು.

ಸೆಂಗಾ ಅಲ್ಲಿಯ ಶಾಲೆಯಲ್ಲಿ ಮಕ್ಕಳಿಗೆ ಊಟ ಬಡಿಸಿ ನಿವೃತ್ತಳಾದವಳು. ತಾಯಂದಿರ ತಟ್ಟೆಗೂ ಆಮೇಲೆ ಅವರ ಮಕ್ಕಳ ತಟ್ಟೆಗೂ ಬೀನ್ಸ್ ಸುರಿದ ಕೈ. ಎಂಥ ಗದ್ದಲವನ್ನೂ ಸೀಳಿಕೊಂಡು ಹೋಗುವ ಗಂಟಲು. ಆ ಗಂಟಲಿನ ಪುಣ್ಯದಿಂದಲೇ ಗುರುವಾರದ ಹೌಸಿ ಆಟದಲ್ಲಿ ಅಂಕಿ ಕೂಗುವ ಪದವಿ ಅವಳಿಗೆ ಒಲಿದಿತ್ತು. "ದಡೂತಿ ಹೆಂಗಸರಿಬ್ಬರು, ಎಂಬತ್ತೆಂಟು," ಎಂದು ಅವಳು ಮೈಕಿನಲ್ಲಿ ಹೇಳಿದರೆ ಸಮುದಾಯ ಭವನದ ಅಷ್ಟೂ ನರೆತಲೆಗಳು ಒಟ್ಟಿಗೆ ಬಗ್ಗುತ್ತಿದ್ದವು; ದಪ್ಪ ಮೂತಿಯ ಕೆಂಪು ಪೆನ್ನುಗಳು ಟಕ್ ಟಕ್ ಎಂದು ಕಾಗದಕ್ಕೆ ಕುಂಕುಮ ಇಡುತ್ತಿದ್ದವು. ಹಾಳೆಯ ಅಂಕಿಗಳಿಗೆಲ್ಲ ಮೊದಲು ಬೊಟ್ಟಿಟ್ಟು "ಹೌಸ್!" ಎಂದು ಕೂಗಿದವರಿಗೆ ಬಹುಮಾನ.

ಗಂಡ ಡೂಗಿ ಬಸ್ ಡ್ರೈವರ್ ಆಗಿದ್ದವನು. ಲಕ್ವ ಹೊಡೆದ ಮೇಲೆ ಊರಿನ ಆಚೆ ತುದಿಯ ಆರೈಕೆ ಮನೆಯಲ್ಲಿದ್ದ. ಸಂಜೆಯ ಊಟ ಸೆಂಗಾಳ ಕೈಯಿಂದಲೇ ಆಗಬೇಕು. ಬೇರೆ ಯಾರು ಚಮಚ ಹಿಡಿದರೂ ಅವನ ಬಾಯಿ ಬಸ್ ಡಿಪೋದ ಬಾಗಿಲಿನಂತೆ ಮುಚ್ಚಿಕೊಳ್ಳುತ್ತಿತ್ತು. ಹಾಗಾಗಿ ಅವಳು ದಿನಾ ಕೈಮಾ ಮತ್ತು ಹಿಸುಕಿದ ಆಲೂಗಡ್ಡೆ ಡಬ್ಬಿಗೆ ತುಂಬಿಕೊಂಡು ಭವನದ ಎದುರು ಬಸ್ಸು ಹತ್ತುವಳು. ಟ್ರಾಮು ಶುರುವಾದರೆ ಆ ಬಸ್ಸು ನಿಂತುಹೋಗುತ್ತದೆ ಎಂದು ತಿಳಿದಾಗಿನಿಂದ ಅವಳಿಗೆ ಒಂದೇ ಚಿಂತೆ: ಬಸ್ಸು ನಿಂತ ಮೇಲೆ ಟ್ರಾಮು ಎಲ್ಲಿ ನಿಲ್ಲುತ್ತದೆ? ಭವನದ ಎದುರಾದರೆ ಡೂಗಿಗೆ ಊಟ ಸಿಕ್ಕಿತು. ಗುಡ್ಡದ ಮೇಲೆ, ಹೊಸ ಗಾಜಿನ ಫ್ಲ್ಯಾಟುಗಳ ಮುಂದಾದರೆ ಕಷ್ಟ. ಆ ಏರಿಗೂ ಅವಳ ಮಂಡಿಗೂ ಮಾತುಕತೆ ನಿಂತು ವರ್ಷಗಳಾಗಿದ್ದವು.

ಕೊನೆಗೂ ಟ್ರಾಮ್ ಕಚೇರಿಯಿಂದ ರೋರಿ ಎಂಬ ಅಧಿಕಾರಿ ಜನರ ಅಭಿಪ್ರಾಯ ಕೇಳಲು ಬಂದ. ಬಂದದ್ದು ಗುರುವಾರ, ಹೌಸಿಯ ಹೊತ್ತಿಗೇ.

"ಅರ್ಧ ಗಂಟೆ ಸಾಕು, ಮಿಸೆಸ್ ಮಕ್‌ಫೀ. ಆಮೇಲೆ ನಿಮ್ಮ ಆಟ."

"ಇಷ್ಟು ವರ್ಷದಿಂದ ನೀವೇ ತಾನೇ ಆಡ್ತಿರೋದು. ಇನ್ನರ್ಧ ಗಂಟೆ ಆಡಿಕೊಳ್ಳಪ್ಪ."

ರೋರಿ ಎಲ್ಲರಿಗೂ ಒಂದೊಂದು ಹಾಳೆ ಹಂಚಿದ. ಅದರಲ್ಲಿ ನಾಲ್ಕು ಚೌಕ, ನಾಲ್ಕು ಅಂಕಿ. ಒಂದೊಂದೂ ನಿಲ್ದಾಣಕ್ಕೆ ಗೊತ್ತುಮಾಡಿದ ಒಂದೊಂದು ಜಾಗ. ಒಂದಕ್ಕೆ ಮಾತ್ರ ಗುರುತು ಹಾಕಬೇಕು ಎಂದು ಅವನು ಹೇಳಿದ್ದು ನಿಜ. ಆದರೆ ಪಾಪ, ಅವನ ಧ್ವನಿ ಎರಡನೆಯ ಸಾಲಿಗೆ ಹೋಗುವಷ್ಟರಲ್ಲಿ ತೀರಿಕೊಳ್ಳುತ್ತಿತ್ತು.

"ಏನಂತೆ?" ಎಂದಳು ಎಫಿ. ಅವಳು ಸೆಂಗಾಳ ಪಕ್ಕದ ಮನೆಯವಳು, ಬಾಲ್ಯದ ಗೆಳತಿ.

"ಗುರುತು ಹಾಕ್ಬೇಕಂತೆ," ಎಂದು ಹಿಂದಿನಿಂದ ಯಾರೋ ಹೇಳಿದರು. ಪೆನ್ನುಗಳ ಮುಚ್ಚಳ ತೆರೆದವು.

ರೋರಿ ಮೈಕು ಹಿಡಿದ. ಅದು ಬಾಲ ತುಳಿದ ಬೆಕ್ಕಿನಂತೆ ಕಿರುಚಿತು. "ಅದಕ್ಕೆ ಹೊಸಬರು ಆಗಲ್ಲ, ಕೊಡು ಇಲ್ಲಿ," ಎಂದು ಸೆಂಗಾ ಮೊದಲ ಸಾಲಿನಿಂದ ಎದ್ದಳು. ತನ್ನ ಹಾಳೆಯಲ್ಲಿ ಎರಡನೆಯ ಚೌಕಕ್ಕೆ ಅವಳು ಆಗಲೇ ಗುರುತು ಹಾಕಿಯಾಗಿತ್ತು.

"ಒಂದು. ಶಾಲೆ ಗೇಟು." ಟಕ್.

"ಎರಡು. ನಮ್ಮ ಭವನದ ಎದುರು," ಎಂದು ಒತ್ತಿ ಹೇಳಿದಳು. ಟಕ್ ಟಕ್. ಎಷ್ಟು ಜನ ತನ್ನ ಕಡೆಗಿದ್ದಾರಲ್ಲ ಎಂದು ಅವಳ ಎದೆ ತುಂಬಿ ಬಂತು.

"ಮೂರು. ಗ್ರಂಥಾಲಯದ ಮೂಲೆ." ಟಕ್.

"ನಾಲ್ಕು. ಗುಡ್ಡದ ಮೇಲೆ." ಟಕ್ ಟಕ್ ಟಕ್.

"ಹೌಸ್!" ಎಂದು ಎಫಿ ಹಾಳೆ ಎತ್ತಿ ಕೂಗಿದಳು.

ಸೆಂಗಾ ವೇದಿಕೆಯಿಂದ ನೋಡಿದಳು. ತನ್ನದೊಂದನ್ನು ಬಿಟ್ಟರೆ ಇಡೀ ಭವನದಲ್ಲಿ ಯಾರ ಹಾಳೆಯಲ್ಲೂ ಬೊಟ್ಟಿಲ್ಲದ ಚೌಕವಿರಲಿಲ್ಲ.

"ಒಂದಕ್ಕೇ ಹಾಕ್ಬೇಕಿತ್ತು ಕಣ್ರೋ, ಒಂದಕ್ಕೆ," ಎಂದಳು, ಹಣೆ ಹಿಡಿದುಕೊಂಡು.

"ನಂಬರ್ ಕೂಗಿದ್ದು ನೀನು, ಹೊಡೆದಿದ್ದು ನಾವು," ಎಂದಳು ಎಫಿ. "ನಲವತ್ತು ವರ್ಷದ ಅಭ್ಯಾಸ ಮಾರಾಯ್ತಿ, ನಿನ್ನ ಗಂಟಲು ಕೇಳಿದ್ರೆ ಕೈ ತಾನಾಗೇ ಹೋಗುತ್ತೆ. ಬಹುಮಾನ ಏನು?"

ಬೇರೆ ಹಾಳೆ ಕೊಡು ಎಂದು ಸೆಂಗಾ ರೋರಿಯ ಬೆನ್ನು ಬಿದ್ದಳು. ಒಬ್ಬರಿಗೊಂದೇ ಹಾಳೆ, ನಿಯಮ ಹಾಗಿದೆ ಎಂದು ಅವನು ಎಲ್ಲವನ್ನೂ ಜೋಡಿಸಿ ಚೀಲಕ್ಕೆ ಹಾಕಿಕೊಂಡ. "ಇದೂ ಒಂದು ಅಭಿಪ್ರಾಯವೇ ಅಲ್ವಾ," ಎಂದು ಸಮಾಧಾನ ಬೇರೆ ಹೇಳಿದ.

ಅದು ಎಂಥ ಅಭಿಪ್ರಾಯ ಎಂಬುದು ವರದಿ ಬಂದಾಗ ತಿಳಿಯಿತು. ನಾಲ್ಕೂ ಜಾಗಗಳು ಹಳೆಯ ನಿವಾಸಿಗಳಿಗೆ ಸಮಾನವಾಗಿ ಒಪ್ಪಿಗೆಯಂತೆ. ಒಬ್ಬ ನಿವಾಸಿ ಮಾತ್ರ ಭವನದ ಎದುರಿನ ಜಾಗವನ್ನು ಬಯಸಿದ್ದಾರಂತೆ. ಗಾಜಿನ ಫ್ಲ್ಯಾಟಿನವರು ಮನೆಯಲ್ಲೇ ಕೂತು ಫೋನಿನಲ್ಲಿ ಗುಡ್ಡಕ್ಕೆ ಮತ ಹಾಕಿದ್ದರು. ನಿಲ್ದಾಣ ಗುಡ್ಡ ಹತ್ತಿತು.

ಸೆಂಗಾ ಕಚೇರಿಗೆ ಹೋದಳು. "ಅದು ಮತ ಅಲ್ಲಪ್ಪ, ಹೌಸಿ," ಎಂದು ವಿವರಿಸಿದಳು. ಪ್ರಕ್ರಿಯೆ ಮುಗಿದಿದೆ ಎಂದ ರೋರಿ. ಬಸ್ಸನ್ನಾದರೂ ಬಿಡಿ ಎಂದಳು. ಬಸ್ಸು ತನ್ನ ವಿಭಾಗವಲ್ಲ ಎಂದ. ಬಸ್ಸಿನ ವಿಭಾಗದವರು ಅದೆಲ್ಲ ಟ್ರಾಮಿನವರ ತೀರ್ಮಾನ ಎಂದರು. ಈ ವಿಭಾಗಗಳ ನಡುವೆ ಸೆಂಗಾ ಮಾತ್ರ ಚೆನ್ನಾಗಿ ಭಾಗವಾದಳು.

ಬಸ್ಸಿಲ್ಲದ ಮೊದಲ ಸಂಜೆ ಎಫಿ ಕೇಳದೆಯೇ ಬಂದು ಡಬ್ಬಿ ಎತ್ತಿಕೊಂಡಳು. ಅವಳಿಗೂ ಉಬ್ಬಸ. ಇಬ್ಬರೂ ಗೋಡೆ ಸಿಕ್ಕಲ್ಲಿ ಒರಗುತ್ತಾ, ಗೋಡೆ ಇಲ್ಲದಲ್ಲಿ ಒಬ್ಬರಿಗೊಬ್ಬರು ಒರಗುತ್ತಾ ಏರಿದರು.

"ನಾಲ್ಕು ಅಂದಾಗ್ಲಾದ್ರೂ ಕೈ ತಡೆಯಬಾರದಿತ್ತೇನೇ?" ಎಂದಳು ಸೆಂಗಾ.

"ಮೂರಾಗಿತ್ತು. ಇನ್ನೊಂದಕ್ಕೆ ಬಿಡ್ತಾರಾ ಯಾರಾದ್ರೂ?"

ಅವರು ಮೇಲೆ ತಲುಪುವಷ್ಟರಲ್ಲಿ ಒಂದು ಟ್ರಾಮು ಹೋಗಿತ್ತು. ಮುಂದಿನದಕ್ಕೆ ಎಫಿ ಅವಳನ್ನು ಹತ್ತಿಸಿ, "ನಾಳೆ ಸ್ವಲ್ಪ ಬೇಗ ಹೊರಡೋಣ ಕಣೇ," ಎಂದು ಇಳಿಜಾರು ಹಿಡಿದಳು.

ಆರೈಕೆ ಮನೆಯಲ್ಲಿ ಊಟದ ತಟ್ಟೆಗಳು ಹಿಂದಕ್ಕೆ ಹೋಗುತ್ತಿದ್ದವು. ಡೂಗಿಯ ತಟ್ಟೆ ತುಂಬಿದಂತೆಯೇ ಹೋಯಿತು. ಅವನು ಬಾಯಿ ಬಿಗಿದುಕೊಂಡು ಬಾಗಿಲನ್ನೇ ನೋಡುತ್ತಿದ್ದ.

"ಎಲ್ಲಿ ಹಾಳಾಗಿ ಹೋಗಿದ್ದೆ? ಬಸ್ಸು ಲೇಟಾ?"

ಟ್ರಾಮಿನ ವಿಷಯ ಅವನಿಗೆ ಹತ್ತು ಸಲ ಹೇಳಿಯಾಗಿತ್ತು. ಹತ್ತು ಸಲವೂ ಅವನು, ಹಳಿ ಬಿಟ್ಟು ಪಕ್ಕಕ್ಕೆ ಹೋಗಲಾರದ ಗಾಡಿಯೂ ಒಂದು ಗಾಡಿಯಾ ಎಂದು ಗೋಡೆಯ ಕಡೆ ಹೊರಳಿದ್ದ. ಸೆಂಗಾ ಕುರ್ಚಿಗೆ ಬಿದ್ದು, ಮಂಡಿ ನೀವಿಕೊಂಡು, ಡಬ್ಬಿ ತೆರೆದಳು. ಕೈಮಾ ಆರಿತ್ತು.

"ಹೂಂ, ಬಸ್ಸು ಲೇಟು. ಬಾಯಿ ತೆಗಿ."

ಅವನು ತೆಗೆದ. "ಡ್ರೈವರ್ ಯಾವನು?"

"ಯಾವನೋ ಹೊಸಬ. ಮೊದಲು ನುಂಗು."