ಕಬ್ಬಿನ ಜಲ್ಲೆಗೆ ಹೆದರುತ್ತಿದ್ದ ಕೆಂಚ

ಜಯಕ್ಕ, ಆ ಸಂಕ್ರಾಂತಿಯ ಸಂಜೆ ನಿನ್ನನ್ನು ಕಚ್ಚಿದ್ದು ಬೀದಿನಾಯಿಯಲ್ಲ. ನನ್ನ ಕೆಂಚ. ನನಗದು ಆ ಕ್ಷಣವೇ ಗೊತ್ತಿತ್ತು. ಆರು ವರ್ಷ ಗೋಡೆಯ ಈಚೆಯೇ ಇದ್ದುಕೊಂಡು, ನೀನು ಕೊಟ್ಟ ಸಾರು ಉಂಡುಕೊಂಡು, ಇದೊಂದು ಮಾತನ್ನು ನುಂಗಿಕೊಂಡೇ ಬಂದೆ.

ಕೆಂಚ ನನಗೆ ಸಿಕ್ಕಿದ್ದು ಪಾಂಡವಪುರದ ಸ್ಟೇಷನ್ ರಸ್ತೆಯಲ್ಲಿ, ಸಾಲುಗಟ್ಟಿ ನಿಂತಿದ್ದ ಕಬ್ಬಿನ ಗಾಡಿಗಳ ಅಡಿಯಲ್ಲಿ. ಯಾರೋ ಜಲ್ಲೆಯಿಂದ ಬಡಿದು ಹಿಂಗಾಲು ಮುರಿದಿದ್ದರು. ಮರಗೆಲಸದವನು ನಾನು, ಎರಡು ಪಟ್ಟಿ ಇಟ್ಟು ಕಾಲು ಕಟ್ಟಿದೆ. ಕಾಲು ಕೂಡಿತು, ಹೆದರಿಕೆ ಹೋಗಲಿಲ್ಲ. ಕಬ್ಬು ಹಿಡಿದವರನ್ನು ಕಂಡರೆ ನಡುಗುತ್ತ ಹಲ್ಲು ತೋರುತ್ತಿದ್ದ. ನನ್ನವ್ವ ದಿನಾ ಬೈಯುತ್ತಿದ್ದಳು. "ಬೀದೀಲಿ ಓಗೋ ಮಾರೀನ ಮನೆಗ್ ಕರ್ಕಂಡ್ ಬಂದಿದ್ದೀಯ ಕಣ್ಲಾ. ಕಟ್ಟಾಕು ಅದ್ನ!"

ಕಟ್ಟಲಿಲ್ಲ. ಕಾಲು ಕೂಡಿಸಿದವನು ನಾನು, ನನ್ನ ಮಾತು ಮೀರಲಾರ ಎಂಬ ಜಂಬ ನನಗೆ. ಹಬ್ಬದ ಸಂಜೆಯೂ ಕಟ್ಟಲಿಲ್ಲ — ನಮ್ಮ ಸೀಮೆಯಲ್ಲಿ ಆ ಸಂಜೆ ಕಬ್ಬು ಹಿಡಿಯದೆ ಯಾರು ಎಳ್ಳು ಬೀರುತ್ತಾರೆ! ಇಷ್ಟು ಹೊಳೆಯಲಿಲ್ಲವಲ್ಲ...

ನೀನು ತಟ್ಟೆ ಹಿಡಿದು, ಕಂಕುಳಲ್ಲಿ ಜಲ್ಲೆ ಸಿಕ್ಕಿಸಿಕೊಂಡು ಬಂದೆ. ಕರೆಂಟು ಹೋಗಿತ್ತು, ಮಬ್ಬುಗತ್ತಲು. ಓಣಿಯಲ್ಲಿ ಬೀದಿನಾಯಿಗಳೂ ಇದ್ದವು. ನಿನ್ನ ಕೂಗು ಕೇಳಿ ನಾನು ಹೊಸ್ತಿಲಿಗೆ ಬರುವಷ್ಟರಲ್ಲಿ ಕೆಂಚ ನನ್ನ ಕಾಲು ಸವರಿಕೊಂಡೇ ಒಳಗೆ ನುಗ್ಗಿ ಮಂಚದಡಿ ಸೇರಿದ. ಅವನ ಮೂತಿಯಲ್ಲಿ ರಕ್ತವಿತ್ತು. ನಾನು ಹೇಳಿದ್ದು ಇಷ್ಟು:

"ಬೀದಿನಾಯಿ ಕಣಕ್ಕಾ. ಓಡೋಯ್ತು."

ನಿಜ ಹೇಳಿದರೆ ಅವನನ್ನು ಬಡಿದು ಸಾಯಿಸುತ್ತಾರೆ ಎಂಬ ಭಯ — ಹಾಗೆಂದೇ ನನಗೆ ನಾನು ಹೇಳಿಕೊಂಡೆ. ನಿನ್ನನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದವನೂ ನಾನೇ. ಡಾಕ್ಟರು ಕೇಳಿದರು, "ಯಾವ ನಾಯಿ, ಗೊತ್ತಾ? ಹತ್ತು ದಿನ ಕಟ್ಟಿ ನೋಡಿ. ಅದು ಚೆನ್ನಾಗಿದ್ರೆ ಇಂಜೆಕ್ಷನ್ ನಿಲ್ಲಿಸಬಹುದು. ಇಲ್ಲಾಂದ್ರೆ ಹೊಕ್ಕುಳ ಸುತ್ತ ಹದಿನಾಲ್ಕೂ ಆಗಬೇಕು." ನೀನು ನನ್ನ ಮುಖ ನೋಡಿದೆ. ನಾನು ಗೋಡೆ ನೋಡಿದೆ.

ಆ ಹತ್ತು ದಿನ — ಹುಚ್ಚು ಹಿಡಿದ ನಾಯಿ ನೀರು ಮುಟ್ಟುವುದಿಲ್ಲ ಎಂದು ಕೇಳಿದ್ದೆ. ದಿನಾ ಬೆಳಿಗ್ಗೆ ಬಾಗಿಲು ಹಾಕಿಕೊಂಡು ಕೆಂಚನ ಮುಂದೆ ನೀರಿನ ಬೋಗುಣಿ ಇಡುತ್ತಿದ್ದೆ. ಅವನು ಲೊಚಲೊಚ ಕುಡಿಯುತ್ತಿದ್ದ. ಗೋಡೆಯಾಚೆ ನೀನು ಚೊಂಬು ಮುಟ್ಟಲು ಹೆದರುತ್ತಿದ್ದೆ. "ನೀರ್ ಕಂಡ್ರೆ ಎದೆ ಝಲ್ ಅಂತದೆ ಕಣವ್ವಾ, ನಂಗೂ ಉಚ್ಚು ಇಡೀತದಾ?" ಎಂದು ನನ್ನವ್ವನನ್ನು ಕೇಳಿದ್ದು ನನ್ನ ಕಿವಿಗೆ ಬಿತ್ತು. ವಿಷ ಹಾಲಿಗೆ ಇಳಿದೀತೆಂದು ಎಂಟು ತಿಂಗಳ ಮಗಳನ್ನು ಎದೆಗೆ ತೆಗೆದುಕೊಳ್ಳಲಿಲ್ಲ ನೀನು. ಹಗಲಿಡೀ ಆ ಮಗು ಅಳುತ್ತಿತ್ತು. ಆ ಸದ್ದು ಕೇಳದಿರಲೆಂದು ನಾನು ಉಳಿಗೆ ಜೋರಾಗಿ ಬಡಿಯುತ್ತಿದ್ದೆ.

ಹನ್ನೊಂದನೆಯ ಬೆಳಿಗ್ಗೆ ಕೆಂಚ ಬಾಲ ಅಲ್ಲಾಡಿಸುತ್ತ ನಿಂತಿದ್ದ. ಇನ್ನೂ ನಾಲ್ಕು ಸೂಜಿ ಉಳಿದಿದ್ದವು. ಅವನ್ನಾದರೂ ತಪ್ಪಿಸಬಹುದಿತ್ತು. ಹೇಳಿಬಿಡೋಣ ಎಂದು ನಿನ್ನ ಬಾಗಿಲ ತನಕ ಬಂದೆ. ನೀನು ಊದಿದ ಹೊಟ್ಟೆ ಹಿಡಿದುಕೊಂಡು, "ಆಸ್ಪತ್ರೆಗ್ ಒಂಡವಾ ತಮ್ಮಾ?" ಎಂದೆ. ನಾನು ಸೈಕಲ್ ತೆಗೆದೆ.

ಕೆಂಚನನ್ನು ಬಿಡಲಾರೆ, ಹಾಗೇ ಇಟ್ಟುಕೊಳ್ಳಲೂ ಹೆದರಿಕೆ. ಹತ್ತು ಮಾರು ದೂರದಲ್ಲಿ ಒಂದು ಜಲ್ಲೆ ಒರಗಿಸಿ ಅವನಿಗೆ ಮುದ್ದೆಯ ಚೂರು ಕೊಡತೊಡಗಿದೆ. ದಿನಕ್ಕೊಂದು ಹೆಜ್ಜೆ ಹತ್ತಿರ. ನಡುಗಿದರೆ ಮತ್ತೆ ಹಿಂದಕ್ಕೆ. ವರ್ಷ ತುಂಬುವಷ್ಟರಲ್ಲಿ ಜಲ್ಲೆಗೆ ಒರಗಿ ಮಲಗಿದ. ಅದನ್ನು ಕಂಡು ಊರೆಲ್ಲ ಸಾರಿದವಳು ನೀನೇ — "ನಮ್ ರಾಜಾಚಾರಿ ಎಂಥಾ ನಾಯ್ಗೂ ಬುದ್ಧಿ ಕಲಿಸ್ತಾನೆ." ನಿನ್ನ ಮಾತು ಕೇಳಿಯೇ ಮಾಕವಳ್ಳಿಯಿಂದ, ನಾಗಮಂಗಲದಿಂದ ಜನ ಕಚ್ಚುವ ನಾಯಿಗಳನ್ನು ಹಿಡಿದು ಬಂದರು. ಉಳಿ ಮೂಲೆ ಸೇರಿ ಇದೇ ನನ್ನ ಕಸುಬಾಯಿತು. ಬಂದವರಿಗೆಲ್ಲ ಮೊದಲು ಹೇಳುತ್ತೇನೆ, "ನಿಮ್ ನಾಯಿ ಕಚ್ಚುದ್ರೆ ಮುಚ್ಚಿಡಬ್ಯಾಡಿ, ಓಗಿ ಏಳ್ಬುಡಿ." ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ!

ಹೋದ ತಿಂಗಳು ಕೆಂಚ ಸತ್ತ. ಇನ್ನು ಅವನನ್ನು ಯಾರೂ ಬಡಿಯಲಾರರು. ಆದರೂ ನಿನಗೆ ಹೇಳಲು ನನಗಿನ್ನೂ ಹೆದರಿಕೆ. ಅಂದರೆ ಅವತ್ತು ನಾನು ಹೆದರಿದ್ದು ಅವನಿಗಾಗಿ ಅಲ್ಲ...

ನಾಳೆ ಮತ್ತೆ ಸಂಕ್ರಾಂತಿ. ಅವತ್ತಿನಿಂದ ನೀನು ಕಬ್ಬು ಹಿಡಿದು ಓಣಿಗೆ ಇಳಿದಿಲ್ಲ. ಮಗಳ ಕೈಯಲ್ಲಿ ಕಳಿಸಿ ಹೊಸ್ತಿಲಲ್ಲೇ ನಿಲ್ಲುತ್ತೀಯ. "ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡು ಮಾವ" ಎಂದು ಅವಳು ನನ್ನ ಅಂಗೈಗೆ ಹಾಕುತ್ತಾಳೆ. ಹಸಿವಿನಿಂದ ಅತ್ತ ಅದೇ ಮಗು. ನಾನು ತಿಂದು ಸುಮ್ಮನಾಗುತ್ತೇನೆ.

ನಿನಗೆ ಓದು ಬಾರದು. ನಾಳೆ ನೀನು ಅವಳನ್ನು ಕಳಿಸುವ ಮೊದಲೇ ನಾನೇ ನಿನ್ನ ಹೊಸ್ತಿಲಿಗೆ ಬಂದು, ಎಳ್ಳಿಗೆ ಕೈಯೊಡ್ಡದೆ ನಿಂತು, ಈ ಕಾಗದ ಓದಿ ಹೇಳುತ್ತೇನೆ. ಆಮೇಲೆ ಎಳ್ಳು ಕೊಡುವುದೂ ಬಿಡುವುದೂ ನಿನಗೆ ಸೇರಿದ್ದು.