ಚೆಂಡು ನೋಡದ ಕಾದಂಬರಿಕಾರ

ಅವರ ಮುಖದ ಬಲಗಡೆ ಎಡಗಡೆಗಿಂತ ಎರಡು ಪಟ್ಟು ಕಪ್ಪಗಿತ್ತು. ಸಿಟಿ ಬಸ್ಸುಗಳ ಟೈಮ್ ಕೀಪರ್ ಆಗಿ ಮಂಗಳೂರಿನ ಬಸ್‌ಸ್ಟ್ಯಾಂಡಿನಲ್ಲಿ ಒಂದೇ ಕಂಬದ ಪಕ್ಕ, ಒಂದೇ ದಿಕ್ಕಿಗೆ ಮುಖಮಾಡಿ ಇಪ್ಪತ್ತೆಂಟು ವರ್ಷ ನಿಂತವರು ಅವರು. ಮಧ್ಯಾಹ್ನದ ಮೇಲಿನ ಬಿಸಿಲೆಲ್ಲ ಬಲಗೆನ್ನೆಗೇ ಬೀಳುತ್ತಿತ್ತು. ಎಡಗಡೆಯಿಂದ ನೋಡಿದರೆ ಬ್ಯಾಂಕಿನ ಮ್ಯಾನೇಜರರ ಹಾಗೆ, ಬಲಗಡೆಯಿಂದ ನೋಡಿದರೆ ಈಗಷ್ಟೇ ಬೋಟಿನಿಂದ ಇಳಿದವರ ಹಾಗೆ ಕಾಣುತ್ತಿದ್ದರು. ಪುಸ್ತಕದ ಹಿಂಬದಿಗೆ ಅವರ ಫೋಟೋ ಬೇಕಾದಾಗ ಯಾವ ಕಡೆಯದ್ದು ಹಾಕಲಿ ಎಂದು ನಾನು ಕೇಳಿದ್ದೆ.

“ಬಲಗಡೆಯದ್ದು ಹಾಕು ಮಗಳೇ. ಎಡಗಡೆ ಎಂತ ಕೆಲಸವೂ ಮಾಡಲಿಲ್ಲ” ಎಂದಿದ್ದರು.

ನಾನು ಹಂಪನಕಟ್ಟೆಯ ಒಂದು ಡಿಟಿಪಿ ಸೆಂಟರಿನಲ್ಲಿ ಕೂತು ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ಕಾಲೇಜು ಮಕ್ಕಳ ಪ್ರಾಜೆಕ್ಟು ಟೈಪ್ ಮಾಡುವವಳು. ಅವರು ಬರೆದ ಐದು ಕಾದಂಬರಿಗಳಲ್ಲಿ ಕೊನೆಯ ಮೂರು ನನ್ನ ಕೈಯಿಂದ ಹಾದುಹೋದವು. ಐದೂ ಕ್ರಿಕೆಟಿನ ಮೇಲೆ. ನಮ್ಮ ಊರಿನ ಭಾನುವಾರದ ಟೂರ್ನಮೆಂಟುಗಳ ಕ್ರಿಕೆಟ್ಟು, ಟಿವಿಯಲ್ಲಿ ಬರುವುದಲ್ಲ. ಹಳೆಯ ಟ್ರಿಪ್ ಶೀಟುಗಳ ಹಿಂಬದಿಯಲ್ಲಿ, ಬಸ್ಸು ಬಸ್ಸಿನ ನಡುವೆ ನಿಂತುಕೊಂಡೇ ಬರೆಯುತ್ತಿದ್ದರು. ಮೂರು ನಿಮಿಷಕ್ಕೊಂದು ಬಸ್ಸು ಬರುವ ಜಾಗವಾದ್ದರಿಂದ ವಾಕ್ಯಗಳೆಲ್ಲ ಗಿಡ್ಡ. ಒಬ್ಬ ವಿಮರ್ಶಕರು ಅದನ್ನು ಹೊಸ ಶೈಲಿ ಎಂದು ಹೊಗಳಿ ಬರೆದರು. ಆ ಕತ್ತರಿಸಿದ ಕಾಗದವನ್ನು ನನಗೆ ತೋರಿಸಿ, “ಶೈಲಿ ಎಂತದ್ದೂ ಇಲ್ಲ ಮಾರಾಯ್ತಿ. ಉದ್ದ ಬರೆದರೆ ಉಳ್ಳಾಲದ ಬಸ್ಸಿನವ ಬಂದು ನನ್ನ ತಲೆ ತಿಂತಾನೆ” ಎಂದರು.

ಅವರನ್ನು ಬರೆಯಲು ಹಚ್ಚಿದ್ದು ಅಮೆರಿಕದವನೊಬ್ಬ. ಫುಟ್‌ಪಾತಿನ ಹಳೆಪುಸ್ತಕದ ರಾಶಿಯಲ್ಲಿ ಅವರಿಗೆ ಬೇಸ್‌ಬಾಲ್ ಬಗ್ಗೆ ಬರೆದ ಒಂದು ಇಂಗ್ಲಿಷ್ ಕಾದಂಬರಿ ಸಿಕ್ಕಿತ್ತಂತೆ. ರಟ್ಟು ಇರಲಿಲ್ಲ, ಮೊದಲ ಹತ್ತು ಪುಟ ಇರಲಿಲ್ಲ, ಹಾಗಾಗಿ ಬರೆದವನ ಹೆಸರೂ ಅವರಿಗೆ ಕೊನೆಯವರೆಗೆ ಗೊತ್ತಾಗಲಿಲ್ಲ. ನಿಘಂಟು ಇಟ್ಟುಕೊಂಡು ಎರಡು ಸಲ ಓದಿದರು. “ಆ ಆಟದ ಒಂದು ರೂಲ್ಸೂ ನನಗೆ ತಲೆಗೆ ಹೋಗಲಿಲ್ಲ. ಆದರೆ ಆಡುವವರೆಲ್ಲ ಗೊತ್ತಾದರು ನೋಡು. ಹಾಗಾದರೆ ನಮ್ಮವರದ್ದನ್ನೂ ಬರೀಬಹುದಲ್ಲ ಅಂತ ಕಂಡಿತು” ಎನ್ನುತ್ತಿದ್ದರು. ಮನೆಯಲ್ಲಿ ತುಳು, ಕಂಬದ ಹತ್ತಿರ ಬ್ಯಾರಿ, ಕೊಂಕಣಿ ಎಲ್ಲ ಆಡುತ್ತಿದ್ದವರು ಕನ್ನಡದಲ್ಲಿ ಬರೆಯಲು ಶುರುಮಾಡಿದ್ದು ಹಾಗೆ.

ಸಾಹಿತ್ಯದವರಿಗೆ ಅವರು ಕ್ರಿಕೆಟಿನವರು, ಕ್ರಿಕೆಟಿನವರಿಗೆ ಸಾಹಿತ್ಯದವರು. ಎರಡೂ ಕಡೆಯವರು ಸಭೆಗೆ ಕರೆದು ಮೊದಲ ಸಾಲಿನಲ್ಲಿ ಕೂರಿಸುತ್ತಿದ್ದರು, ಮೈಕು ಮಾತ್ರ ಕೊಡುತ್ತಿರಲಿಲ್ಲ. ಅವರಿಗೇನೂ ಬೇಸರವಿರಲಿಲ್ಲ. ಕಂಡಕ್ಟರುಗಳು ಅವರ ಪುಸ್ತಕ ಓದಿ, ಟೈಮ್ ಬರೆಸಲು ಇಳಿದಾಗ ಮುಂದಿನ ಕತೆ ಕೇಳುತ್ತಿದ್ದರು. ಅದು ಅವರಿಗೆ ಸಾಕಾಗಿತ್ತು.

ಅವರು ಮ್ಯಾಚು ನೋಡುವ ಕ್ರಮವೇ ಬೇರೆ. ಒಮ್ಮೆ ಭಾನುವಾರ ಪ್ರೂಫು ಕೊಡಲು ಮೈದಾನಕ್ಕೆ ಹೋಗಿ, ಅವರ ಪಕ್ಕ ಎರಡು ಗಂಟೆ ಕೂತಿದ್ದೆ. ಜನರೆಲ್ಲ ಚೆಂಡು ಹೋದಲ್ಲಿಗೆ ಕತ್ತು ತಿರುಗಿಸುತ್ತಿದ್ದರೆ ಇವರು ಬೌಂಡರಿ ಗೆರೆಯಲ್ಲಿ ಒಂಟಿಯಾಗಿ ನಿಂತ ಒಬ್ಬ ಹುಡುಗನನ್ನೇ ನೋಡುತ್ತಿದ್ದರು. ಅವನು ಹುಲ್ಲು ಕಿತ್ತದ್ದು, ಪ್ರೇಕ್ಷಕರಲ್ಲಿ ಯಾರನ್ನೋ ಕದ್ದು ನೋಡಿದ್ದು, ಕ್ಯಾಪ್ಟನ್ ಬೈದಾಗ ಶೂ ಲೇಸು ಕಟ್ಟುವ ನೆಪದಲ್ಲಿ ತಲೆ ತಗ್ಗಿಸಿದ್ದು, ಎಲ್ಲ ಅವರ ಕಣ್ಣಿಗೆ ಬೀಳುತ್ತಿತ್ತು. ಮ್ಯಾಚು ಮುಗಿದ ಮೇಲೆ ನನ್ನನ್ನು ನಿಜವಾಗಿಯೂ ಕೇಳಿದರು, “ಯಾರು ಗೆದ್ದದ್ದು?” ಪ್ರತಿ ಮ್ಯಾಚಿಗೂ ಒಬ್ಬನನ್ನು ಆರಿಸಿಕೊಂಡು ಕೊನೆಯವರೆಗೆ ಅವನನ್ನೇ ನೋಡುವುದು ಅವರ ರೂಢಿ. “ಚೆಂಡನ್ನು ನೋಡಲಿಕ್ಕೆ ಇಡೀ ಊರು ಉಂಟಲ್ಲ” ಎಂದು ಬಾಯಿಯೊಳಗೇ ಹೇಳಿದರು.

ಇನ್ನು ನನ್ನ ಅಪ್ಪನ ವಿಷಯ ಹೇಳಬೇಕು. ಅಪ್ಪನಿಗೆ ಪಡೀಲಿನಲ್ಲಿ ಒಂದು ಗ್ಯಾರೇಜು. ಹರೆಯದಲ್ಲಿ ಒಳ್ಳೆಯ ಆಟಗಾರ. ನನಗೆ ನಾಲ್ಕು ವರ್ಷವಾಗಿದ್ದಾಗ ನಗರದ ಮೈದಾನದಲ್ಲಿ ಒಂದು ಫೈನಲ್ ನಡೆಯಿತು. ಕೊನೆಯ ಓವರಿನಲ್ಲಿ ಬೌಂಡರಿ ಗೆರೆಯ ಹತ್ತಿರ ಮಕ್ಕಳೂ ಹಿಡಿಯುವಂಥ ಕ್ಯಾಚು ಅಪ್ಪ ಬಿಟ್ಟರು, ತಂಡ ಸೋತಿತು. “ಬಿಸಿಲು ಕಣ್ಣಿಗೆ ಹೊಡೆಯಿತು” ಎಂದರು. ಅಂದಿನಿಂದ ಪಡೀಲಿಗೆಲ್ಲ ಅವರು ಬಿಸಿಲಣ್ಣ. ತಂಡದವರು ಮತ್ತೆ ಆಡಲು ಕರೆಯಲಿಲ್ಲ. ಚಿಕ್ಕಪ್ಪನ ಮದುವೆಯಲ್ಲಿ ಯಾರೋ ಅವರಿಗೆ ಕೂಲಿಂಗ್ ಗ್ಲಾಸ್ ಉಡುಗೊರೆ ಕೊಟ್ಟರು. ಅಪ್ಪ ಅದನ್ನು ಹಾಕಿಕೊಂಡೇ ಊಟಕ್ಕೆ ಕೂತು ಎಲ್ಲರನ್ನೂ ನಗಿಸಿದರು. ನಾನೂ ನಕ್ಕಿದ್ದೆ. ಕಾಲೇಜಿಗೆ ಹೋಗುವಾಗ ಯಾವುದೋ ಜಗಳದಲ್ಲಿ, “ಕೈಗೆ ಬಂದ ಚೆಂಡು ಹಿಡಿಯಲಿಕ್ಕೆ ಆಗದವರು ನನಗೆ ಬುದ್ಧಿ ಹೇಳ್ತೀರಾ?” ಎಂದೂ ಹೇಳಿದ್ದೆ. ಅಪ್ಪ ಎದ್ದು ಗ್ಯಾರೇಜಿಗೆ ಹೋಗಿದ್ದರು.

ಐದನೆಯ ಕಾದಂಬರಿಯ ಕೊನೆಯ ಅಧ್ಯಾಯ ಟೈಪ್ ಮಾಡುತ್ತಿದ್ದಾಗ ನನ್ನ ಕೈ ನಿಂತಿತು. ತಂಡದ ಹೆಸರು ಬೇರೆ, ಊರಿನ ಹೆಸರು ಬೇರೆ. ಆದರೆ ಆ ಫೀಲ್ಡರು ಅಂಗೈಗೆ ಎರಡು ಸಲ ಊದಿ ತೊಡೆಗೆ ಒರೆಸಿಕೊಳ್ಳುತ್ತಿದ್ದ. ಗ್ಯಾಸ್ ಸಿಲಿಂಡರ್ ಎತ್ತುವ ಮುಂಚೆ ನನ್ನ ಅಪ್ಪ ಇವತ್ತಿಗೂ ಹಾಗೆಯೇ ಮಾಡುತ್ತಾರೆ. ಫೈನಲ್, ಕೊನೆಯ ಓವರು, ಬೌಂಡರಿ ಗೆರೆ. ಬಿಸಿಲು ಮಾತ್ರ ಇರಲಿಲ್ಲ. ಬದಲಿಗೆ ಹೀಗಿತ್ತು:

“ಚೆಂಡು ಮೇಲಿತ್ತು. ಮಗು ರಸ್ತೆಯಲ್ಲಿತ್ತು. ತಾಯಿ ಚರುಮುರಿ ಗಾಡಿಯ ಹತ್ತಿರ ಬೆನ್ನು ತಿರುಗಿಸಿ ನಿಂತಿದ್ದಳು. ಬಸ್ಸು ಬರುತ್ತಿತ್ತು. ಅವನು ಮಗುವನ್ನು ನೋಡಿದ.”

ಕಬ್ಬಿನ ಹಾಲಿನವನೊಬ್ಬ ಮಗುವನ್ನು ಎತ್ತಿ ಬೌಂಡರಿಯ ಹಗ್ಗದ ಒಳಗೆ ಬಿಡುತ್ತಾನೆ. ತಾಯಿಗೆ ಏನೂ ಗೊತ್ತಾಗುವುದಿಲ್ಲ. ಜನರೆಲ್ಲ ಚೆಂಡನ್ನೇ ನೋಡುತ್ತಿರುತ್ತಾರೆ. ಫೀಲ್ಡರು ಕಾಲಬುಡದಲ್ಲಿ ಬಿದ್ದ ಚೆಂಡನ್ನು ಹೆಕ್ಕಿ ಎಸೆದು, ಯಾರೋ ಕೇಳಿದ್ದಕ್ಕೆ ಬಿಸಿಲು ಎಂದುಬಿಡುತ್ತಾನೆ. ನಮ್ಮ ಮನೆಯಲ್ಲಿ ಆಗ ಇದ್ದದ್ದು ಒಂದೇ ಮಗು. ಆ ಆರು ಪುಟಗಳನ್ನು ಅಂದು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಪಕ್ಕದ ಮೇಜಿನವಳು ಯಾಕೆ ಅಳುತ್ತೀ ಎಂದು ಕೇಳಿದಾಗಲೇ ಅಳುತ್ತಿದ್ದೇನೆಂದು ನನಗೆ ತಿಳಿದದ್ದು.

ಕಾಗದ ಹಿಡಿದುಕೊಂಡು ಬಸ್‌ಸ್ಟ್ಯಾಂಡಿಗೆ ನಡೆದೆ. ಅವರು ಬಾಯಲ್ಲಿ ಸೀಟಿ ಇಟ್ಟುಕೊಂಡು ನಿಂತಿದ್ದರು.

“ಸರ್, ಇದು ನಡೆದದ್ದಾ?”

“ನಡೆದದ್ದೇ. ಅವತ್ತು ನಾನು ಅವನನ್ನೇ ನೋಡ್ತಾ ಇದ್ದೆ. ಯಾಕೆ, ಸರಿ ಬರಲಿಲ್ಲವಾ?”

“ಆ ಮಗು ನಾನು.”

ಸೀಟಿ ಬಾಯಿಂದ ಜಾರಿ ದಾರದಲ್ಲಿ ನೇತಾಡಿತು. ಬಜಪೆಯ ಬಸ್ಸು ಬಂದು ಹೋಯಿತು, ಅವರು ಬರೆಯಲಿಲ್ಲ. ಇನ್ನೊಂದು ಬಂದು ಹೋಯಿತು. ಕಂಡಕ್ಟರು “ಟೈಮ್, ಟೈಮ್” ಎಂದು ಕೂಗಿದ್ದೂ ಅವರಿಗೆ ಕೇಳಲಿಲ್ಲ.

“ಅಪ್ಪ ನಿನಗೆ ಹೇಳಲಿಲ್ಲವಾ?”

“ಇಲ್ಲ.”

“ಹಾಗಾದರೆ ನಾನು ಎಂತ ಮಾಡಿಬಿಟ್ಟೆ ಮಗಳೇ” ಎಂದರು. ನನಗೆ ಗೊತ್ತಾಗಿದೆಯೆಂದು ಅಪ್ಪನಿಗೆ ಹೇಳಬೇಡಿ ಎಂದು ಬೇಡಿಕೊಂಡೆ. ಒಪ್ಪಿದರು. ಆದರೆ ಅಪ್ಪನನ್ನು ಕೇಳದೆ ಪುಸ್ತಕ ಮಾಡುವುದಿಲ್ಲ ಎಂದೂ ಹೇಳಿದರು.

ಮುಂದಿನ ಭಾನುವಾರ ಪಡೀಲಿನ ನಮ್ಮ ಮನೆಗೆ ಬಂದರು. ಜಗಲಿಯಲ್ಲಿ ಅವರೂ ಅಪ್ಪನೂ ಕೂತರು. ಅಮ್ಮ ಅವರ ಎಲ್ಲ ಪುಸ್ತಕ ಓದಿದವರು. ಸಂಭ್ರಮದಿಂದ ಚಾ ಮಾಡಲು ಒಳಗೆ ಹೋದರು. ನಾನು ಕಿಟಕಿಯ ಹತ್ತಿರ ಬಟ್ಟೆ ಮಡಚುತ್ತಿದ್ದೆ. ಅವರು ತಗ್ಗಿದ ದನಿಯಲ್ಲಿ ಎಲ್ಲ ಹೇಳಿ, ಆ ಅಧ್ಯಾಯವನ್ನು ಇನ್ನೂ ಟೈಪಿಗೆ ಕೊಟ್ಟಿಲ್ಲವೆಂದು ನನಗೋಸ್ಕರ ಒಂದು ಸುಳ್ಳನ್ನೂ ಸೇರಿಸಿದರು.

ಅಪ್ಪ ಅಂಗೈಗಳನ್ನು ತೊಡೆಗೆ ಒರೆಸಿಕೊಂಡರು. ಆಮೇಲೆ, “ನೀವು ನೋಡಿದ್ರಾ?” ಎಂದರು. “ಯಾರೂ ನೋಡಲಿಲ್ಲ ಅಂತ ಮಾಡಿದ್ದೆ ಮಾರಾಯ್ರೆ. ಒಬ್ಬರಾದರೂ ನೋಡಿದ್ದೀರಲ್ಲ.”

“ಹಾಕಬಹುದಾ?”

“ಪುಸ್ತಕ ಹಾಕಿ. ಆದರೆ ಬಿಸಿಲು ಅಂತಲೇ ಹಾಕಿ. ಇವಳು ಓದ್ತಾಳೆ. ಮಗುವನ್ನು ಬಿಟ್ಟು ಚರುಮುರಿ ತರಲಿಕ್ಕೆ ಹೋದದ್ದು ಇವಳು. ಗೊತ್ತಾದರೆ ಸಾಯುವವರೆಗೆ ಇವಳಿಗೆ ಸಮಾಧಾನ ಉಂಟಾ? ಮಗಳಿಗೂ ಬೇಡ. ನನ್ನನ್ನು ಬಿಸಿಲಣ್ಣ ಅಂತ ಕರೆದರೆ ನನಗೆ ಎಂತ ಆಗ್ತದೆ? ಅಭ್ಯಾಸ ಆಗಿದೆ.”

ಅವರು ಸರಿ ಎಂದರು, ಅಮ್ಮ ತಂದ ಚಾ ಕುಡಿದರು, ಅಡುಗೆಯ ಬಗ್ಗೆ ಏನೋ ತಮಾಷೆ ಮಾಡಿ ಹೋದರು. ಆ ಅಧ್ಯಾಯ ಅವರು ಬರೆದದ್ದರಲ್ಲೆಲ್ಲ ಒಳ್ಳೆಯದು ಎಂದು ನನಗೆ ಗೊತ್ತಿತ್ತು. ಅವರಿಗೂ ಗೊತ್ತಿತ್ತು. ಇಡೀ ಕಾದಂಬರಿ ಆ ಒಂದು ನೋಟಕ್ಕಾಗಿಯೇ ಅಲ್ಲಿಯವರೆಗೆ ನಡೆದುಕೊಂಡು ಬಂದಿತ್ತು.

ಹೊಸದನ್ನು ಬರೆದು ತರಲಿಲ್ಲ. ನನ್ನ ಕುರ್ಚಿಯ ಹಿಂದೆ ನಿಂತು ಬಾಯಲ್ಲೇ ಹೇಳಿದರು. ಒಂದೂವರೆ ಪುಟಕ್ಕೆ ಮುಗಿಯಿತು. ಫೀಲ್ಡರು ಮೇಲೆ ನೋಡಿದ, ಬಿಸಿಲು ಹೊಡೆಯಿತು, ಚೆಂಡು ಬಿತ್ತು. “ಹಳೆಯದನ್ನು ಅಳಿಸಿಬಿಡು” ಎಂದರು. ಅವರ ಎದುರಿಗೇ ಅಳಿಸಿದೆ. ಕೈಬರಹವನ್ನು ಬಚ್ಚಲಿನ ಒಲೆಗೆ ಹಾಕಿದೆನೆಂದು ಮರುದಿನ ತಿಳಿಸಿದರು. ಬೇಸರವಾಗುವುದಿಲ್ಲವೇ ಎಂದು ಕೇಳಿದ್ದಕ್ಕೆ, “ಆಗ್ತದೆ. ಇನ್ನೊಂದು ಬರೆಯುವ” ಎಂದು ಚೀಲ ಹೆಗಲಿಗೆ ಹಾಕಿಕೊಂಡರು.

ಇನ್ನೊಂದು ಬರೆಯಲಿಲ್ಲ. ಪುಸ್ತಕ ಬಂದ ಮೇಲೆ ಎಲ್ಲರೂ ಅದೇ ಮಾತು ಹೇಳಿದರು: ಕೊನೆ ಸಪ್ಪೆ, ನಂಬಲಾಗದು, ಕೈ ಸೋತಿದೆ. ಕಂಡಕ್ಟರುಗಳು ಕೂಡ ಮುಖ ಸಣ್ಣದು ಮಾಡಿದರು. ಅವರು ಎಲ್ಲರಿಗೂ “ಹೌದು, ಹೌದು” ಎನ್ನುತ್ತಿದ್ದರು. ಅಮ್ಮ ಒಬ್ಬರು ಮಾತ್ರ ಓದಿ ಮುಗಿಸಿ, “ಪಾಪ, ನಿಮ್ಮ ಹಾಗೆಯೇ ಬಿಸಿಲಿಗೆ ಸಿಕ್ಕಿದವ” ಎಂದು ಅಪ್ಪನ ಬೆನ್ನು ಸವರಿದರು. ಅದನ್ನು ನಾನು ಅವರಿಗೆ ಹೇಳಿದಾಗ ಅವರ ಮುಖದ ಎರಡೂ ಕಡೆ ನಕ್ಕವು.

ಅಮ್ಮ ತೀರಿಕೊಂಡು ಎರಡು ವರ್ಷವಾಯಿತು. ಕಾದಂಬರಿಕಾರರು ಹೋದದ್ದು ಕಳೆದ ವರ್ಷ, ಹೃದಯದ ಕಾಯಿಲೆಯಿಂದ. ಸಂತಾಪ ಸಭೆಗೆ ಅಪ್ಪ ತಾವಾಗಿಯೇ ಬರುತ್ತೇನೆಂದು ಹೊರಟರು. ಮೂವತ್ತು ಜನ ಇದ್ದಿರಬಹುದು, ಅರ್ಧಕ್ಕರ್ಧ ಖಾಕಿ ಅಂಗಿಯವರು. ಅವರ ಪುಸ್ತಕಗಳನ್ನು ನಿಜವಾಗಿಯೂ ಪ್ರೀತಿಸಿದ ಒಬ್ಬ ಉಪನ್ಯಾಸಕರು ಮಾತಾಡಿದರು. ಒಳ್ಳೆಯದನ್ನೆಲ್ಲ ಹೇಳಿ ಕೊನೆಗೆ, “ನಾಲ್ಕು ಪುಸ್ತಕಗಳಲ್ಲಿ ಮನುಷ್ಯನ ಒಳಗನ್ನು ಕಂಡವರು ಐದನೆಯದರಲ್ಲಿ ಬಿಸಿಲಿನ ಮೇಲೆ ಹಾಕಿ ಕೈತೊಳೆದುಕೊಂಡರು, ವಯಸ್ಸಿನ ದೋಷ” ಎಂದರು.

ನನ್ನ ಪಕ್ಕದಿಂದ ಅಪ್ಪ ಎದ್ದು ನಿಂತರು. ಹತ್ತು ಜನರೆದುರು ಬಾಯಿ ತೆರೆದವರಲ್ಲ ಅವರು.

“ನಾನು ಗ್ಯಾರೇಜಿನವ. ನನಗೆ ಸಾಹಿತ್ಯ ಗೊತ್ತಿಲ್ಲ. ಆ ಕ್ಯಾಚು ಬಿಟ್ಟದ್ದು ನಾನು. ಬಿಸಿಲು ಇರಲಿಲ್ಲ, ಬಿಸಿಲು ನನ್ನ ಬೆನ್ನಿಗೆ ಇತ್ತು. ನನ್ನ ಮಗು ರಸ್ತೆಗೆ ಓಡಿತ್ತು, ನಾನು ಅದನ್ನು ನೋಡಿದೆ. ಅವರು ಸರಿಯಾಗಿಯೇ ಬರೆದಿದ್ದರು. ಬದಲು ಮಾಡಿಸಿದ್ದು ನಾನು. ಅವರ ಕೈ ಸೋತಿರಲಿಲ್ಲ.”

ಹೇಳಿ ಕೂತರು. ಉಪನ್ಯಾಸಕರು ಮೈಕಿನಿಂದ ಸರಿದು, ಕೆಳಗೆ ಬಂದು ಅಪ್ಪನ ಕೈ ಹಿಡಿದುಕೊಂಡರು.

ಮನೆಗೆ ಹೋಗುವ ಬಸ್ಸಿನಲ್ಲಿ ಅಪ್ಪ ಕಿಟಕಿಯ ಕಡೆಗೇ ನೋಡುತ್ತಿದ್ದರು. ಕಂಕನಾಡಿ ದಾಟಿದ ಮೇಲೆ ಕೇಳಿದರು, “ನಿನಗೆ ಆಶ್ಚರ್ಯ ಆಗಲಿಲ್ಲ. ಮೊದಲೇ ಗೊತ್ತಿತ್ತಾ?”

“ಗೊತ್ತಿತ್ತು ಅಪ್ಪ.”

“ಟೈಪಿಗೆ ಕೊಟ್ಟಿಲ್ಲ ಅಂದಿದ್ದರಲ್ಲ.”

“ಸುಳ್ಳು ಹೇಳಿದ್ದು. ನಾನೇ ಹೇಳಿಸಿದ್ದು.”

ಕಾಲೇಜಿನ ದಿನ ಆಡಿದ ಮಾತಿಗೆ ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ. ಅಪ್ಪ ನನ್ನ ಕೈಮೇಲೆ ಕೈ ಇಟ್ಟು ಕೇಳಿದರು, “ಮೊದಲು ಹೇಗೆ ಬರೆದಿದ್ದರು?”

ಕಾಗದ ಸುಟ್ಟುಹೋಗಿತ್ತು. ಕಂಪ್ಯೂಟರಿನಲ್ಲಿ ಏನೂ ಉಳಿದಿರಲಿಲ್ಲ. ಆದರೆ ಅವು ಗಿಡ್ಡ ವಾಕ್ಯಗಳು, ಒಂದೂ ನನಗೆ ಮರೆತಿರಲಿಲ್ಲ. ಮೊದಲಿನಿಂದ ಶುರುಮಾಡಿ ಒಂದೊಂದಾಗಿ ಹೇಳುತ್ತಾ ಹೋದೆ. ಅಪ್ಪ ಕಣ್ಣು ಮುಚ್ಚಿ ಕೇಳಿದರು. ಕಂಡಕ್ಟರು ಪಡೀಲ್, ಪಡೀಲ್ ಎಂದು ಕೂಗಿದ. ಇನ್ನೂ ಎರಡು ಪುಟ ಉಂಟು ಎಂದೆ.

“ಹೇಳು” ಎಂದರು ಅಪ್ಪ, ಕೂತಲ್ಲಿಂದ ಏಳಲಿಲ್ಲ. ಬಸ್ಸು ನಮ್ಮ ಸ್ಟಾಪು ದಾಟಿ ಬಂಟ್ವಾಳದ ಕಡೆಗೆ ಹೋಯಿತು.